ನಿನ್ನ ಪರ್ಸೋಂ, ನನ್ನ ಮೊನ್ನೆ

ನನ್ನ ನೀಲಿ ಕಲೆಗಳನ್ನೆಲ್ಲ ತೊಳೆದ ಬಂಡೆಮ್ಮಕ್ಕನಿಗೆ,

ಈಗ ಮಧ್ಯಾಹ್ನ ಎರಡು ಗಂಟೆ. ನಿನ್ನನ್ನು ನೋಡಲು ಒಳಗೆ ಬಿಡುವುದು ನಾಲ್ಕಕ್ಕೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಂದು ಚಹಾ ತೆಗೆದುಕೊಂಡು ಕೂತಿದ್ದೇನೆ, ಅದು ಆರಿ ಕೆನೆ ಕಟ್ಟಿದೆ. ಒಂಬತ್ತು ದಿನಗಳಿಂದ ದಿನಾ ಬಂದು ನಿನ್ನ ಮಂಚದ ಪಕ್ಕ ಕೂರುತ್ತೇನೆ, ಬಾಳೆಹಣ್ಣು ಕಿವುಚಿ ತಿನ್ನಿಸುತ್ತೇನೆ, ಲ್ಯಾಬಿನ ಸುದ್ದಿ ಹೇಳುತ್ತೇನೆ, ಬಾಯಿಗೆ ಬಂದದ್ದನ್ನೆಲ್ಲ ಒದರುತ್ತೇನೆ. ಹೇಳಲೇಬೇಕಾದ ಒಂದನ್ನು ಮಾತ್ರ ಬಿಟ್ಟು ಎದ್ದು ಹೋಗುತ್ತೇನೆ. ನಿನ್ನ ಗಂಡ ಮಾಣಿಕಪ್ಪಣ್ಣ ವಾರ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ನಿಂತಿರುತ್ತಾನೆ. ಅವನನ್ನು ದಾಟಿಕೊಂಡು ಹೋಗುವಾಗ ನಾನು ಅವನ ಮುಖ ನೋಡುವುದಿಲ್ಲ, ಏಕೆಂದರೆ ತಗ್ಗಬೇಕಾದ ತಲೆ ಅವನದಲ್ಲ.

ಅದಕ್ಕೇ ಲ್ಯಾಬಿನ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಬರೆಯುತ್ತಿದ್ದೇನೆ. ನಾನು ಎಂಥ ಪುಕ್ಕಲು ಎಂಬುದು ನಿನಗೆ ಗೊತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವವಳು, ಫ್ರಿಜ್ಜಿನ ಬಾಗಿಲನ್ನು ಮೂರು ಸಲ ಒತ್ತಿ ನೋಡುವವಳು. "ಗಾಬ್ರಿ ಅಕ್ಕೋರು" ಎಂದು ನೀನೇ ಹೆಸರಿಟ್ಟಿದ್ದೆ. ಆ ಹೆಸರಿಗೆ ತಕ್ಕ ಹಾಗೇ ನಡೆದುಕೊಂಡೆ ನೋಡು, ಅದೂ ನಿನ್ನ ವಿಷಯದಲ್ಲಿ.

ಮೂರು ವರ್ಷದ ಹಿಂದೆ ಮೈಸೂರಿನಿಂದ ಹೈದರಾಬಾದಿನ ಗಚ್ಚಿಬೌಲಿಯ ಈ ಸಂಶೋಧನಾ ಕೇಂದ್ರಕ್ಕೆ ಬಂದಾಗ ಇಡೀ ಲ್ಯಾಬು ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತಿತ್ತು, ತೆಲುಗಿನಲ್ಲಿ ನಗುತ್ತಿತ್ತು. ನಾನು ಎರಡರ ನಡುವೆ ಬೆಪ್ಪಾಗಿ ಕೂತಿರುತ್ತಿದ್ದೆ. ಒಂದು ದಿನ ಸಿಂಕಿನ ಕಡೆಯಿಂದ "ಈ ಬಾಟ್ಲಿ ಒಡದೈತಿ ನೋಡ್ರೀ" ಎಂದು ಯಾರೋ ತಮಗೆ ತಾವೇ ಹೇಳಿಕೊಂಡದ್ದು ಕೇಳಿಸಿತು. ಎದ್ದು ಓಡಿ ಬಂದೆ. ನೀನು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವಳು, ಹೆಚ್ಚುಕಡಿಮೆ ಹದಿನೈದು ವರ್ಷ ಈ ಊರಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು, ಭುಜ ಸೋತ ಮೇಲೆ ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದವಳು. ನಾನು 'ನೀವು' ಎಂದರೆ ನಿನಗೆ ಸಿಟ್ಟು ಬಂತು. "ನೀವು ಅಂದ್ರ ನಾ ಯಾರೋ ಆಗಿಬಿಡ್ತೀನ್ರೀ, ನೀ ಅನ್ರಿ" ಎಂದೆ. ನನಗೆ ಮಾತ್ರ 'ರೀ' ಹಚ್ಚುವುದನ್ನು ನೀನು ಬಿಡಲಿಲ್ಲ, ನಿನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ.

ನಿನ್ನ ಸಿಂಕಿಗೆ ಬರುತ್ತಿದ್ದ ನನ್ನ ಕೊಳವೆಗಳೆಲ್ಲ ನೀಲಿಯಾಗಿರುತ್ತಿದ್ದವು. "ಇಷ್ಟು ನೀಲಿ ಎದಕ್ಕರೀ?" ಎಂದು ಕೇಳಿದೆ. ನಾನು ಸ್ಟೂಲು ಎಳೆದುಕೊಂಡು ಕೂತು ಹೇಳಿದೆ. ರಕ್ತ ಎಲ್ಲೆಂದರಲ್ಲಿ ಹೆಪ್ಪುಗಟ್ಟಬಾರದು, ಗಾಯವಾದಾಗ ಕಟ್ಟದೆಯೂ ಇರಬಾರದು. ಇದನ್ನು ಹತೋಟಿಯಲ್ಲಿಡಲು ರಕ್ತದಲ್ಲೇ ಕೆಲವು ಪ್ರೋಟೀನುಗಳಿವೆ. ಒಂದು ಹೆಪ್ಪನ್ನು ಕರಗಿಸಲು ಹೊರಡುತ್ತದೆ, ಇನ್ನೊಂದು ಅದನ್ನು ತಡೆದು ಸಾಕು ನಿಲ್ಲು ಎನ್ನುತ್ತದೆ. ನೀನು ಕೂತಲ್ಲೇ ಅವಕ್ಕೆ ಹೆಸರಿಟ್ಟೆ. ಕರಗಿಸುವವನು ಬಿಡಿಸಾಂವ, ತಡೆಯುವವನು ಹಿಡಿಯಾಂವ. ಇನ್ನು ಮಿದುಳಿನ ರಕ್ತನಾಳಗಳಿಗೆ ಮೈಯ ಬೇರೆ ಕಡೆ ಇಲ್ಲದ ಒಂದು ಬಿಗಿಯಾದ ಗೋಡೆ ಇದೆ, ರಕ್ತದಲ್ಲಿ ಹರಿದು ಬಂದ ಕಂಡಕಂಡದ್ದನ್ನು ಅದು ಒಳಗೆ ಬಿಡುವುದಿಲ್ಲ. ಪಾರ್ಶ್ವವಾಯು ಹೊಡೆದಾಗ ಎಷ್ಟೋ ಸಲ ನಾಳದಲ್ಲಿ ಹೆಪ್ಪು ಕೂತಿರುತ್ತದೆ, ಅಂಥ ಕಡೆ ಡಾಕ್ಟರು ಬಿಡಿಸಾಂವನನ್ನೇ ಔಷಧಿ ಮಾಡಿ ಸೂಜಿಯಲ್ಲಿ ಕೊಡುತ್ತಾರೆ. ಬೇಗ ಕೊಟ್ಟರೆ ಅವನು ದಾರಿ ಬಿಡಿಸುತ್ತಾನೆ. ತಡವಾದಷ್ಟೂ ರಕ್ತ ಕಾಣದೆ ಸೊರಗಿದ ಆ ಗೋಡೆ ದುರ್ಬಲವಾಗಿರುತ್ತದೆ, ಅವನು ಹೆಪ್ಪನ್ನು ಕರಗಿಸುವುದರ ಜೊತೆಗೆ ಗೋಡೆಯ ಆಚೆಗೂ ನುಸುಳಿ ಅದನ್ನೇ ಇನ್ನಷ್ಟು ಸಡಿಲ ಮಾಡುತ್ತಾನೆ. ಆಮೇಲೆ ರಕ್ತ ಮಿದುಳಿನೊಳಗೆ ಸೋರುತ್ತದೆ. ನಾನು ಇಲಿಗಳಲ್ಲಿ ನೋಡುತ್ತಿದ್ದದ್ದು ಇದನ್ನೇ. ರಕ್ತಕ್ಕೆ ನೀಲಿ ಬಣ್ಣ ಬಿಡುವುದು, ಗೋಡೆ ಗಟ್ಟಿಯಿದ್ದರೆ ಮಿದುಳು ಬೆಳ್ಳಗೇ ಉಳಿಯುತ್ತದೆ, ಸೋರಿದರೆ ನೀಲಿಯಾಗುತ್ತದೆ. ಜೊತೆಗೆ ಹಿಡಿಯಾಂವನನ್ನೂ ಕಳಿಸಿದರೆ ಸೋರುವುದು ಕಡಿಮೆಯಾಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ನೀನು ಬೀಕರು ತಿಕ್ಕುತ್ತಲೇ ಹೇಳಿದೆ, "ನಮ್ಮೂರ ಕಾಲುವಿ ಹೂಳು ತೆಗಿಯಾಕ ಮಿಷಿನ್ ತಂದಿದ್ರು. ಹೂಳೂ ತೆಗೀತು, ದಂಡೀನೂ ಕಡಕೊಂಡು ಹೋತು. ನಿಮ್ಮ ಬಿಡಿಸಾಂವನೂ ಅಂಥಾವನ ಬಿಡ್ರಿ." ಅದನ್ನು ನಾನು ವಾರ್ಷಿಕ ಸೆಮಿನಾರಿನಲ್ಲಿ ನಿನ್ನ ಹೆಸರು ಹೇಳಿಯೇ ಉಪಯೋಗಿಸಿಕೊಂಡೆ. ನನ್ನ ಇಪ್ಪತ್ತೆಂಟು ಸ್ಲೈಡಿಗೆ ಬಾರದ ಚಪ್ಪಾಳೆ ನಿನ್ನ ಕಾಲುವೆಗೆ ಬಂತು. ಆಮೇಲೆ ದಿನಾ ಬೆಳಗ್ಗೆ ಕೊಳವೆ ಎತ್ತಿ ನೋಡಿ, ಇವತ್ತು ನೀಲಿ ಭಾಳ ಐತಿ, ಇವತ್ತು ಕಡಿಮಿ ಐತಿ ಎಂದು ನನಗಿಂತ ಮೊದಲೇ ಫಲಿತಾಂಶ ಹೇಳುತ್ತಿದ್ದೆ.

ಇನ್ನು ಪರ್ಸೋಂ ವಿಷಯ. ಶಾಲೆಯಲ್ಲಿ ನಾನು ಕಲಿತ ಹಿಂದಿಯಲ್ಲಿ ಅದರ ಅರ್ಥ ಮೊನ್ನೆ, ಅಂದರೆ ನಿನ್ನೆಯ ಹಿಂದಿನ ದಿನ. ಈ ಊರಿನಲ್ಲಿ ಹಾಗಲ್ಲ. ಇಲ್ಲಿ ಕಳೆದುಹೋದದ್ದೆಲ್ಲ ಪರ್ಸೋಂ. ನಿನ್ನ ಕನ್ನಡದೊಳಗೂ ಅದು ಸೇರಿಕೊಂಡಿತ್ತು. ಈ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದೆಯಲ್ಲ. ಪರ್ಸೋಂ ಬಂದಾಗ ಗೇಟಿನ ಬಲಕ್ಕೆ ಒಬ್ಬ ಕಾಶ್ಮೀರಿ ಶಾಲು ಅಗ್ಗಕ್ಕೆ ಕೊಡುತ್ತಿದ್ದ, ಅಲ್ಲೇ ಕೊಳ್ಳೋಣ ಎಂದೆ. ಆ ಜನಜಂಗುಳಿಯಲ್ಲಿ ಒಂದೂವರೆ ಗಂಟೆ ಹುಡುಕಿದೆವು. ನಿನಗೆ ಕೋಪ, ನನಗೆ ಕಾಲುನೋವು. ಕೊನೆಗೆ ಒಣಹಣ್ಣಿನ ಅಂಗಡಿಯ ಮುದುಕ, ಅವನು ವ್ಯಾಪಾರ ಬಿಟ್ಟು ಹನ್ನೆರಡು ವರ್ಷವಾಯಿತು ಎಂದ. ನೀನು ಒಂದು ಕ್ಷಣ ಯೋಚಿಸಿ, "ಹೌದಲ್ರೀ, ಆವಾಗ ನಮ್ಮ ಸುಮಂಗಲಾ ಇನ್ನಾ ಫ್ರಾಕ್ ಹಾಕೋತಿದ್ಲು" ಎಂದೆ. ನಾನು ಮೆಟ್ರೋದಲ್ಲಿ ಮನೆಯವರೆಗೂ ನಕ್ಕೆ. ಮರುದಿನ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಅಂದಿನಿಂದ ನಮ್ಮಲ್ಲಿ ಯಾರಾದರೂ ಕೆಲಸ ತಡಮಾಡಿದರೆ 'ಬಂಡೆಮ್ಮನ ಪರ್ಸೋಂ' ಎನ್ನುವುದು ರೂಢಿಯಾಯಿತು.

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದು ಏಕೆಂದರೆ, ನನಗೆ ಗೊತ್ತಿತ್ತು ಎಂಬುದು ಮೊದಲು ಗೊತ್ತಾಗಲಿ ಎಂದು.

ಕಳೆದ ವಾರದ ಮಂಗಳವಾರ ಬೆಳಗ್ಗೆ ಒಂಬತ್ತು ನಲವತ್ತಕ್ಕೆ ನಾನು ಒಂದು ಟೈಮರ್ ಒತ್ತಿದೆ. ಅದೇ ಹೊತ್ತಿಗೆ ನಿನ್ನ ಕೈಯಿಂದ ಬೀಕರು ಸಿಂಕಿಗೆ ಬಿತ್ತು. ತಿರುಗಿ ನೋಡಿದರೆ ನೀನು ನಿನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದೆ. ಬಾಯಿ ಒಂದು ಕಡೆಗೆ ಜಾರಿತ್ತು. ಏನೋ ಹೇಳಲು ಹೊರಟೆ, ಮಾತು ಬರಲಿಲ್ಲ. ಎಡ ಮಿದುಳು ಎಂದು ನನಗೆ ತಕ್ಷಣ ಹೊಳೆಯಿತು. ಕೂಗಿದೆ. ನನ್ನ ಜೊತೆಯ ಸಂಶೋಧಕ ತರುಣ ಕಾರು ತೆಗೆದ. ಕಚೇರಿಗಳಿಗೆ ಹೋಗುವ ಗಾಡಿಗಳ ನಡುವೆ ಇರುವೆಯ ಹಾಗೆ ಹೋದೆವು. ಆಸ್ಪತ್ರೆ ಮುಟ್ಟಿದಾಗ ಹತ್ತು ಐವತ್ತು. ದಾರಿಯುದ್ದಕ್ಕೂ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು, ನಾನು ನಿಮಿಷ ಎಣಿಸುತ್ತಿದ್ದೆ. ನನಗೆ ಬರುವುದು ಅದೊಂದೇ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಇರಲಿಲ್ಲ. ಹೆಪ್ಪು ಒಂದು ಸಣ್ಣ ಕವಲಿನಲ್ಲಿ ಕೂತಿದೆ, ತಂತಿ ಹಾಕಿ ಎಳೆಯಲು ಆಗುವುದಿಲ್ಲ, ಔಷಧಿಯೇ ಗತಿ ಎಂದರು ಡಾಕ್ಟರ್ ದೀಪ್ತಿ. ಕೆಲಸಕ್ಕೆಂದು ಈ ಊರಿಗೆ ಬಂದು ಎರಡು ತಿಂಗಳಾದವರು, ಶಾಂತ ಹೆಂಗಸು. ಔಷಧಿ ಸಿದ್ಧವಾಗುತ್ತಿತ್ತು. ಅದನ್ನು ಕೊಡುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳಿವೆ. ಮೂರು ತಿಂಗಳಲ್ಲಿ ತಲೆಗೆ ಪೆಟ್ಟು ಬಿದ್ದಿದೆಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ಮೂರು ವಾರದಲ್ಲಿ ಹೊಟ್ಟೆಯಿಂದ ರಕ್ತ ಹೋಗಿದೆಯೇ. ನಿನಗೆ ಮಾತಿಲ್ಲ. ಮಾಣಿಕಪ್ಪಣ್ಣ ಕೆಲಸದ ಕಟ್ಟಡದ ಇಪ್ಪತ್ತೇಳನೇ ಅಂತಸ್ತಿನಲ್ಲಿದ್ದ, ಮೇಸ್ತ್ರಿಯ ಫೋನಿನಲ್ಲಿ ಸಿಕ್ಕ. ನಾನು ಕನ್ನಡದಲ್ಲಿ ಕೇಳಿದೆ, ರಕ್ತ ಏನಾದರೂ ಹೋಗಿತ್ತಾ ಎಂದು. ಅವನು ಗಾಬರಿಯಲ್ಲಿ ಕೂಗಿ ಹೇಳಿದ, "ಹೌದ್ರೀ ಅಕ್ಕೋರ, ಪರ್ಸೋಂ ರಕ್ತ ಕಾರಿಕೊಂಡಿದ್ಲು. ಭಾಳ ಹೋಗಿತ್ತರೀ." ಅಷ್ಟರಲ್ಲಿ ಅವನು ಸಾಮಾನು ಇಳಿಸುವ ಲಿಫ್ಟಿಗೆ ಹತ್ತಿದ, ಫೋನು ಕಟ್ಟಾಯಿತು. ಅದು ಮೇಸ್ತ್ರಿಯ ಫೋನು, ಕೆಳಗಿಳಿದು ಅವನಿಗೆ ಕೊಟ್ಟು ಆಟೋ ಹಿಡಿದ. ಆಮೇಲೆ ಅವನು ಸಿಗಲಿಲ್ಲ.

ನಾನು ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: ಎರಡು ದಿನದ ಹಿಂದೆ ರಕ್ತ ವಾಂತಿಯಾಗಿದೆ, ತುಂಬಾ.

ನೋಡು, ಅಷ್ಟೇ. ಕೊಳವೆಯನ್ನು ಮೂರು ಸಲ ಅಳೆಯುವವಳು, ಒಂದು ಸೊನ್ನೆ ಹೆಚ್ಚುಕಡಿಮೆಯಾದರೆ ಇಡೀ ದಿನದ ಕೆಲಸ ಎಸೆಯುವವಳು, ನಿನ್ನ ಆ ಪದವನ್ನೇ ಹೇಳಿ ಹತ್ತು ಜನರನ್ನು ನಗಿಸಿದವಳು, ಅವತ್ತು ಒಂದು ಸಲವೂ ಯೋಚಿಸಲಿಲ್ಲ. ಆ ಮಾತನ್ನು ಇದ್ದ ಹಾಗೆ, ಪರ್ಸೋಂ ಎಂದೇ ಹೇಳಿದ್ದರೂ ಸಾಕಿತ್ತು. ಆ ಕೋಣೆಯಲ್ಲಿ ಹೈದರಾಬಾದಿನವರು ಮೂರು ಜನ ಇದ್ದರು, ಯಾರಾದರೂ ಕೇಳುತ್ತಿದ್ದರು. ನಾನು ಜಾಣೆಯ ಹಾಗೆ ಅದಕ್ಕೆ ಒಂದು ತಾರೀಖು ಹಚ್ಚಿ ಕೊಟ್ಟೆ.

ಡಾಕ್ಟರ್ ದೀಪ್ತಿ ಕೈ ಹಿಂದೆ ತೆಗೆದರು. ನಿನ್ನ ರಕ್ತದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ಅದು ಮೊದಲಿನಿಂದ ಇದ್ದದ್ದೇ ಇರಬೇಕು, ಆದರೆ ಆ ಹೊತ್ತಿನಲ್ಲಿ ನನ್ನ ಮಾತಿಗೆ ಸಾಕ್ಷಿ ಹೇಳಿದ ಹಾಗಾಯಿತು. ಹೊಟ್ಟೆಯಲ್ಲಿ ಹಸಿ ಗಾಯವಿದ್ದರೆ ಈ ಔಷಧಿಯಿಂದ ಅಲ್ಲಿ ರಕ್ತ ನಿಲ್ಲುವುದೇ ಇಲ್ಲ, ಗಂಡ ಬರಲಿ, ಇನ್ನೂ ಅವಧಿ ಇದೆ ಎಂದರು. ಅವರು ಮಾಡಿದ್ದು ಸರಿ. ಆಗ ಹನ್ನೊಂದು ಇಪ್ಪತ್ತೆರಡು.

ನಾನು ಗೋಡೆಗೆ ಒರಗಿ ನಿಂತೆ. ಎದುರಿಗೆ ಗಡಿಯಾರ. ನನ್ನ ತಲೆಯಲ್ಲಿ ನನ್ನದೇ ಗ್ರಾಫು. ಕೆಳಗಿನ ಗೆರೆಯಲ್ಲಿ ಹೊತ್ತು, ಪಕ್ಕದ ಗೆರೆಯಲ್ಲಿ ನೀಲಿ. ನನ್ನ ಇಲಿಗಳಲ್ಲಿ ಎರಡು ಗಂಟೆ ದಾಟಿದ ಮೇಲೆ ಆ ಗೆರೆ ಮೇಲಕ್ಕೆ ಏಳುತ್ತದೆ. ನಿನಗೆ ಎರಡು ಗಂಟೆ ತುಂಬುವುದು ಹನ್ನೊಂದು ನಲವತ್ತಕ್ಕೆ. ಹನ್ನೊಂದು ನಲವತ್ತಾಯಿತು. ಐವತ್ತಾಯಿತು. ನೀನು ಎಡಗೈಯಿಂದ ಬಲಗೈಯನ್ನು ಎತ್ತಿ ಎತ್ತಿ ಹೊಟ್ಟೆಯ ಮೇಲೆ ಇಡುತ್ತಿದ್ದೆ, ಅದು ಜಾರುತ್ತಿತ್ತು, ಮತ್ತೆ ಎತ್ತಿ ಇಡುತ್ತಿದ್ದೆ. ನನ್ನನ್ನೇ ನೋಡುತ್ತಿದ್ದೆ. ಅಕ್ಕೋರಿಗೆ ಎಲ್ಲ ಗೊತ್ತು, ಏನೋ ಮಾಡುತ್ತಾರೆ ಎನ್ನುವ ನೋಟ. ಅದನ್ನು ತಾಳಲಾರದೆ ನಾನು ಕುಡಿಯುವ ನೀರಿನ ನೆಪ ಮಾಡಿ ಹೊರಗೆ ಹೋದೆ. ಹೋಗಬಾರದಿತ್ತು.

ಹನ್ನೆರಡು ಹದಿನಾಲ್ಕಕ್ಕೆ ಮಾಣಿಕಪ್ಪಣ್ಣ ಬಂದ. ಮೈತುಂಬ ಸಿಮೆಂಟು, ಒಂದು ಕಾಲಿಗೆ ಚಪ್ಪಲಿ ಇಲ್ಲ. ಎದುರಿಗಿದ್ದ ನರ್ಸ್ ನಿಖಿತಾಗೆ ಅವನು ಉರ್ದುವಿನಲ್ಲೇ ಹೇಳಲು ಶುರುಮಾಡಿದ, ಪರ್ಸೋಂ ಹೀಗಾಗಿತ್ತು ಎಂದು. ನಿಖಿತಾ ನಾಂಪಲ್ಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ ತಲೆ ಎತ್ತಿದಳು. "ಕೌನ್ಸಾ ಪರ್ಸೋಂ, ಭಯ್ಯಾ? ಕ್ಯಾಲೆಂಡರ್ ಕಾ ಪರ್ಸೋಂ ಯಾ ಹೈದರಾಬಾದ್ ಕಾ ಪರ್ಸೋಂ?"

ಕ್ಯಾಲೆಂಡರಿನದೋ ಈ ಊರಿನದೋ ಎಂಬ ಆ ಪ್ರಶ್ನೆ ಅರ್ಥವಾಗದೆ ಅವನು ನನ್ನ ಮುಖ ನೋಡಿದ. ಆಮೇಲೆ ಕನ್ನಡದಲ್ಲಿ ಹೇಳಿದ, "ಸುಮಂಗಲಾನ ಲಗ್ನದ ಮುಂದ್ರೀ. ಈಗ ಆಕಿ ಮಗ ಸಾಲಿಗಿ ಹೊಂಟಾನ." ಅಂದರೆ ಆರು ವರ್ಷದ ಹಿಂದೆ. ನೀನು ಇಟ್ಟಿಗೆ ಹೊರುವಾಗ ಭುಜದ ನೋವಿಗೆ ದಿನಾ ಮೂರು ಮೂರು ಗುಳಿಗೆ ನುಂಗಿ, ಹೊಟ್ಟೆ ಹುಣ್ಣಾಗಿ ರಕ್ತ ಕಾರಿ, ಆ ಕೆಲಸ ಬಿಟ್ಟ ಕಾಲದ ಮಾತು ಅದು.

ಹನ್ನೆರಡು ಹದಿನೇಳಕ್ಕೆ ಔಷಧಿ ಶುರುವಾಯಿತು. ಹನ್ನೊಂದು ಇಪ್ಪತ್ತೆರಡರಿಂದ ಹನ್ನೆರಡು ಹದಿನೇಳಕ್ಕೆ ಐವತ್ತೈದು ನಿಮಿಷ, ಬಂಡೆಮ್ಮಕ್ಕ. ಅವು ನಿನ್ನವು. ನಾನು ಕಳೆದೆ.

ಆಮೇಲಿನ ಒಂದು ದಿನ ನಾನು ಹೇಗಿದ್ದೆ ಎಂದು ಬೇರೆಯವರಿಗೆ ಹೇಳಲು ಹೋದರೆ ಸುಮ್ಮನೆ ನಾಟಕ ಎನ್ನುತ್ತಾರೆ. ಪ್ರತಿ ಹದಿನೈದು ನಿಮಿಷಕ್ಕೆ ನಿಖಿತಾ ಬಂದು ಕಣ್ಣಿಗೆ ಟಾರ್ಚು ಬಿಡುವುದು, ಕೈ ಎತ್ತಿಸುವುದು, ಬಿಪಿ ನೋಡುವುದು. ಬೇರೆ ರೋಗಿಗಳ ಮನೆಯವರು ದೇವರ ಹೆಸರು ಹೇಳುತ್ತಾ ಕೂತಿದ್ದರು. ನನಗೆ ಆ ಸುಖವೂ ಇರಲಿಲ್ಲ. ಒಳಗೆ ಯಾವ ಪ್ರೋಟೀನು ಯಾವ ಗೋಡೆಯ ಹತ್ತಿರ ಏನು ಮಾಡುತ್ತಿರಬಹುದು ಎಂದು ಬಾಯಿಪಾಠ ಬರುವವಳು ನಾನು. ಬಿಡಿಸಾಂವ ದಾರಿ ಬಿಡಿಸಿದನೋ, ದಂಡೆ ಕಡಿಯುತ್ತಿದ್ದಾನೋ. ನಿನ್ನ ಮೈಯ ಹಿಡಿಯಾಂವನಿಗೆ ಅವನನ್ನು ತಡೆಯುವಷ್ಟು ಶಕ್ತಿ ಇದೆಯೋ ಇಲ್ಲವೋ. ಇಲಿಯಾದರೆ ಕತ್ತರಿಸಿ ನೀಲಿ ಎಷ್ಟಿದೆ ಎಂದು ನೋಡಿಬಿಡುತ್ತಿದ್ದೆ. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರು ಗಂಟೆಗೆ ನೀನು ಎಡಗೈಯನ್ನು ತಲೆಯ ಹಿಂದಕ್ಕೆ ಒಯ್ದು ನರಳಿದೆ. ತಲೆನೋವು ಬಂತೆಂದರೆ ಒಳಗೆ ಸೋರಿತು ಎಂದೇ ಅರ್ಥ ಮಾಡಿಕೊಂಡು ನಾನು ಕಿರುಚಿದೆ. ಔಷಧಿ ಹರಿಸುವ ಒಂದು ಗಂಟೆ ಆಗಲೇ ಮುಗಿದಿತ್ತು, ಆದರೂ ಡಾಕ್ಟರು ಓಡಿ ಬಂದರು, ನಿನ್ನನ್ನು ಮತ್ತೆ ಸ್ಕ್ಯಾನಿಗೆ ಒಯ್ದರು. ಏನೂ ಇರಲಿಲ್ಲ. ವಾಪಸು ತಂದು ಮಲಗಿಸುವಾಗ ನಿಖಿತಾ ನಿನ್ನ ತಲೆಯ ಕೆಳಗೆ ಕೈ ಹಾಕಿ ನೋಡಿದಳು. ನಿನ್ನ ತುರುಬಿನ ಗಂಟು ಬೆಳಗಿನಿಂದ ಒತ್ತುತ್ತಿತ್ತು, ಯಾರೂ ಬಿಚ್ಚಿರಲಿಲ್ಲ. ಅವಳು ಬಿಚ್ಚಿದಳು, ನೀನು ಸುಮ್ಮನಾದೆ. ನಾನು ಕಾರಿಡಾರಿನಲ್ಲಿ ಒಬ್ಬಳೇ ನಿಂತು ನಕ್ಕೆ, ಆಮೇಲೆ ಅತ್ತೆ, ಒಬ್ಬ ವಾರ್ಡ್‌ಬಾಯ್ ಬಂದು ಕುರ್ಚಿ ಕೊಟ್ಟ.

ಆ ಸಂಜೆಯೇ ನನಗೆ ಇನ್ನೊಂದು ನೆನಪಾಯಿತು. ಅದನ್ನೂ ಬಚ್ಚಿಡುವುದಿಲ್ಲ. ದಸರೆಯ ಹೊತ್ತಿಗೆ ನಿನ್ನ ಭುಜ ಹಿಡಿದುಕೊಂಡಾಗ ನಾನು ನನ್ನ ಬ್ಯಾಗಿನಿಂದ ನೋವಿನ ಗುಳಿಗೆ ತೆಗೆದುಕೊಟ್ಟಿದ್ದೆ. ನೀನು ಬೇಡ ಎಂದೆ. ಪರ್ಸೋಂ ಇಂಥದ್ದೇ ತಿಂದು ರಕ್ತ ಕಾರಿದ್ದೆ ಎಂದು ನೀನೇ ಹೇಳಿದ್ದೆ. ನಾನು ಹೌದಾ ಎಂದು ಫೋನು ನೋಡುತ್ತಲೇ ಕೇಳಿಸಿಕೊಂಡೆ. ಆ ಒಂದು ಮಾತು ಮಂಗಳವಾರ ಹನ್ನೊಂದು ಇಪ್ಪತ್ತೆರಡಕ್ಕೆ ನೆನಪಾಗಿದ್ದರೆ ಎಲ್ಲ ಅಲ್ಲೇ ಬಗೆಹರಿಯುತ್ತಿತ್ತು. ನೆನಪಾಗಲಿಲ್ಲ. ನೀನು ಹೇಳುವುದನ್ನು ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ, ಅದಕ್ಕೇ ಇರಬೇಕು.

ಮರುದಿನ ಮಧ್ಯಾಹ್ನದ ಸ್ಕ್ಯಾನಿನಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆ ಕಂಡವು. ಸ್ಕ್ಯಾನಿನಲ್ಲಿ ರಕ್ತ ಬೆಳ್ಳಗೆ ಕಾಣುತ್ತದೆ. ದೊಡ್ಡ ಸ್ರಾವವಲ್ಲ, ಸತ್ತ ಭಾಗದ ಅಂಚಿನಲ್ಲಿ ಒಂದಿಷ್ಟು ಜಿನುಗಿದೆ, ಇಂಥದ್ದು ಎಷ್ಟೋ ಜನರಲ್ಲಿ ಕಾಣುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ ಎಂದರು ಡಾಕ್ಟರ್ ದೀಪ್ತಿ. ಮಾಣಿಕಪ್ಪಣ್ಣ ಕೈಮುಗಿದ. ನಾನು ಆ ಚುಕ್ಕೆಗಳನ್ನು ಎಣಿಸಿದೆ. ಏಳಿದ್ದವು.

ಮೂರನೇ ದಿನ ನಿನ್ನ ಬಲಗಾಲು ಅಲ್ಲಾಡಿತು. ಕೈ ಇನ್ನೂ ಇಲ್ಲ. ಐದನೇ ದಿನ ಮಾತು ಬಂತು, ಒಂದೇ ಮಾತು, "ಹೂಂರೀ". ಹಸಿವಾ ಎಂದರೆ ಹೂಂರೀ. ಬೇಡವಾ ಎಂದರೂ ಹೂಂರೀ. ನೀನು ಇಲ್ಲ ಎನ್ನಲು ಹೊರಟು ಹೂಂರೀ ಎಂದು, ಅದು ತಪ್ಪೆಂದು ನಿನಗೇ ತಿಳಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೀಯ. ಬೀಕರು ಸರಿಯಾಗಿ ಕೊಡದವರನ್ನು ಲ್ಯಾಬಿನ ಮುಖ್ಯಸ್ಥರೆಂದೂ ನೋಡದೆ ಬೈಯುತ್ತಿದ್ದ ಹೆಂಗಸು ನೀನು. ಮಾತು ಕಲಿಸಲು ಬರುವ ಥೆರಪಿಸ್ಟ್ ತಿಂಗಳುಗಟ್ಟಲೆ ಹಿಡಿಯಬಹುದು ಎಂದಿದ್ದಾರೆ. ಬರುವುದೇ ಇಲ್ಲ ಎಂದು ಹೇಳಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ನನ್ನನ್ನು ಎಲ್ಲರೂ ಹೊಗಳುತ್ತಾರೆ, ಸಮಯಕ್ಕೆ ಕರೆದೊಯ್ದಳು ಎಂದು. ಊರಿನಿಂದ ಬಂದ ನಿನ್ನ ಮಗಳು ಸುಮಂಗಲಾ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮಾಣಿಕಪ್ಪಣ್ಣ ಸಿಕ್ಕವರಿಗೆಲ್ಲ, "ಅಕ್ಕೋರು ಇರಲಿಲ್ಲಂದ್ರ ನಮ್ಮಾಕಿ ಮಣ್ಣಾಗಿ ಹೋಗ್ತಿದ್ಲು" ಎನ್ನುತ್ತಾನೆ. ಆದರೆ ಆಸ್ಪತ್ರೆಯ ಕಾಗದದಲ್ಲಿ ಏನಿದೆ ಗೊತ್ತಾ? ಗಂಡ ಕೊಟ್ಟ ಮಾಹಿತಿ ಅಸ್ಪಷ್ಟವಾಗಿದ್ದರಿಂದ ಚಿಕಿತ್ಸೆ ತಡವಾಯಿತು ಎಂದಿದೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವನ ಮಾತೆಂದೇ ಅವರು ಬರೆದುಕೊಂಡಿದ್ದಾರೆ. ಅದನ್ನು ಯಾರೋ ನಿನ್ನ ತಮ್ಮ ಬೂದೆಪ್ಪನಿಗೆ ಓದಿ ಹೇಳಿದರು. ಮೊನ್ನೆ, ಕ್ಯಾಲೆಂಡರಿನ ಮೊನ್ನೆ, ಅವನು ಕಾರಿಡಾರಿನಲ್ಲಿ ಹತ್ತು ಜನರ ಎದುರು ನಿನ್ನ ಗಂಡನಿಗೆ ಹೇಳಿದ, "ಒಂದ್ ಮಾತ ನೆಟ್ಟಗ ಹೇಳಾಕ ಬರಂಗಿಲ್ಲ ನಿನಗ. ನಮ್ಮಕ್ಕನ ಕೈ ಹೋಗಿದ್ದು ನಿನ್ನ ಬಾಯಿಂದ." ಅಂದಿನಿಂದ ಮಾಣಿಕಪ್ಪಣ್ಣ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಏನು ಕೇಳಿದರೂ ಅಕ್ಕೋರನ್ನು ಕೇಳ್ರಿ ಎಂದು ನನ್ನ ಕಡೆ ಕೈ ತೋರಿಸುತ್ತಾನೆ. ನಾನು ಅಲ್ಲೇ ಮೂರು ಹೆಜ್ಜೆ ದೂರದಲ್ಲಿದ್ದೆ, ಬಂಡೆಮ್ಮಕ್ಕ. ಹೇಳಲಿಲ್ಲ. ಹೆದರಿದೆ. ಹೊಗಳಿಕೆ ಹೋಗುತ್ತದೆ ಎಂದು ಹೆದರಿದೆನೋ, ಬೂದೆಪ್ಪನ ಬಾಯಿಗೆ ಹೆದರಿದೆನೋ, ನೀನು ಮುಖ ತಿರುಗಿಸಿಕೊಳ್ಳುತ್ತೀಯ ಎಂದೋ. ಮೂರೂ ಇರಬೇಕು.

ನಿನ್ನ ಗಂಡ ಆಡಿದ ಮಾತು ಸರಿಯಾಗಿಯೇ ಇತ್ತು. ಅವನು ಬದುಕುತ್ತಿರುವ ಊರಿನಲ್ಲಿ ಆ ಪದಕ್ಕೆ ಅದೇ ಅರ್ಥ. ತಪ್ಪು ಅರ್ಥ ಹಚ್ಚಿದ್ದು ನಾನು.

ನಿನ್ನೆ ಡಾಕ್ಟರ್ ದೀಪ್ತಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಕಾಗದ ತಿದ್ದುತ್ತೇನೆ ಎಂದರು. ಐವತ್ತೈದು ನಿಮಿಷ ಮೊದಲೇ ಕೊಟ್ಟಿದ್ದರೆ ಅವಳ ಕೈ ಉಳಿಯುತ್ತಿತ್ತಾ, ಆ ಏಳು ಚುಕ್ಕೆ ಬರುತ್ತಿರಲಿಲ್ಲವಾ ಎಂದು ಕೇಳಿದೆ. ಯಾರೂ ಹೇಳಲಾರರು, ನೀವು ಸಂಶೋಧನೆ ಮಾಡುವವರು, ನಿಮಗೇ ಗೊತ್ತಿರಬೇಕು ಎಂದರು. ಗೊತ್ತು. ಮೂವತ್ತು ಇಲಿಗಳ ಸರಾಸರಿ ಒಂದು ಬಂಡೆಮ್ಮನ ವಿಷಯ ಹೇಳುವುದಿಲ್ಲ. ಆ ಉತ್ತರದಿಂದ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಹೌದು ನಿನ್ನಿಂದಲೇ ಎಂದಿದ್ದರೆ ಅಳಬಹುದಿತ್ತು, ಅಲ್ಲ ಎಂದಿದ್ದರೆ ನಿದ್ದೆ ಮಾಡಬಹುದಿತ್ತು. ಈಗ ಎರಡೂ ಇಲ್ಲ. ಇದನ್ನು ನಾನು ಇನ್ನು ಮುಂದೆ ಹೊತ್ತುಕೊಂಡೇ ಇರಬೇಕು, ನನಗೆ ಅದು ಒಪ್ಪಿಗೆಯಿದೆ. ಮಾಣಿಕಪ್ಪಣ್ಣ ಹೊರುವುದು ಮಾತ್ರ ಬೇಡ.

ಮೂರೂ ಮುಕ್ಕಾಲು ಆಯಿತು. ನಿನಗೆ ಓದಲು ಬರುವುದಿಲ್ಲ, ನನಗೆ ಗೊತ್ತು. ಸುಮಂಗಲಾ ಓದಿಯಾಳು, ಆದರೆ ನನ್ನ ತಪ್ಪನ್ನು ಅವಳ ಬಾಯಿಂದ ಹೇಳಿಸುವುದು ಸರಿಯಲ್ಲ. ನಾನೇ ಓದುತ್ತೇನೆ. ನಿನ್ನ ಗಂಡನನ್ನು ಬಾಗಿಲಿನಿಂದ ಒಳಗೆ ಕರೆದು ನಿನ್ನ ಪಕ್ಕ ಕೂರಿಸಿ, ಬೂದೆಪ್ಪನನ್ನೂ ಇರು ಎಂದು ಕೇಳಿ, ಎಲ್ಲರಿಗೂ ಕೇಳುವ ಹಾಗೆ ಓದುತ್ತೇನೆ. ಬರೆದದ್ದರಲ್ಲಿ ಒಂದು ಸಾಲನ್ನೂ ಬಿಡುವುದಿಲ್ಲ. ನಡುವೆ ನಾನು ನಿಂತರೆ ಸ್ವಲ್ಪ ತಡೆದುಕೋ.

ಓದಿ ಮುಗಿಸಿದ ಮೇಲೆ ಕ್ಷಮಿಸಿದೆಯಾ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಹೂಂರೀ ಎನ್ನುತ್ತೀಯ. ಅದು ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ, ನನಗೆ ಬೇಕಾದ ಅರ್ಥವನ್ನು ಅದಕ್ಕೂ ಹಚ್ಚಿಕೊಂಡು ಹೊರಟುಹೋಗುತ್ತೇನೆ. ಇನ್ನೊಂದು ಸಲ ಹಾಗೆ ಮಾಡಲಾರೆ. ಆದ್ದರಿಂದ ಕಾಯುತ್ತೇನೆ. ಎಷ್ಟು ತಿಂಗಳಾದರೂ ಸರಿ, ದಿನಾ ನಾಲ್ಕಕ್ಕೆ ಬರುತ್ತೇನೆ.

ನಿನ್ನ ಬಲಗೈಗೆ ಬಲ ಬರಲಿ. ಕಳೆದುಹೋದ ಮಾತುಗಳೆಲ್ಲ ಒಂದೊಂದಾಗಿ ನಿನ್ನ ನಾಲಿಗೆಗೆ ಬರಲಿ. ಮೊದಲು ಬೇಡದ್ದನ್ನು ಬೇಡ ಎನ್ನುವಷ್ಟು ಬರಲಿ, ಆಮೇಲೆ ನನ್ನನ್ನು ಬಾಯ್ತುಂಬ ಬೈಯುವಷ್ಟು ಬರಲಿ.

ಆ ಬೈಗುಳಕ್ಕೆ ಕಾದಿರುವ,
ಶಾಂಭವಿ